ಕಂದು ಕೆಸರಿನಲ್ಲಿ ಫ್ಲೋರೈಡ್ ಇಲ್ಲ

ಕ್ಯಾಲ್ಸಿಯಂ ಫ್ಲೋರೈಡಿನ ಸಾಲ್ಯುಬಿಲಿಟಿ ಪ್ರಾಡಕ್ಟ್, ಅಂದರೆ ಅದು ಕರಗುವ ಮಿತಿ ಹೇಳುವ ಸಂಖ್ಯೆ, 3.45 × 10⁻¹¹. ಹಾಗಾದರೆ ನೀರಿನಲ್ಲಿ ಫ್ಲೋರೈಡ್ ಎಷ್ಟು ಕರಗುತ್ತದೆ? ಬಿಎಸ್ಸಿ ಕೆಮಿಸ್ಟ್ರಿ ಓದಿದವರಿಗೆ ಇದು ಹಳೇ ಪರಿಚಯದ ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರದ ಹುಡುಗ ಹುಡುಗಿಯರೂ ಘನಮೂಲ ತೆಗೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆಮೇಲೆ ಬ್ಯಾಗಿನಿಂದ ಬಾಟಲಿ ತೆಗೆದು ಅದೇ ಲೆಕ್ಕದ ಉತ್ತರವನ್ನು ಕುಡಿಯುತ್ತಾರೆ!

ಈ ಎರಡು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರೇ ಗತಿ. ಬೋರ್ ಇಳಿಯುವುದು ಗ್ರಾನೈಟ್, ನೈಸ್ ಬಂಡೆಗಳೊಳಕ್ಕೆ. ಆ ಬಂಡೆಗಳ ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಬಂಡೆ ಬಿಟ್ಟುಕೊಡುವ ಫ್ಲೋರೈಡೂ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಬಾಗೇಪಲ್ಲಿ, ಪಾವಗಡ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದವರಿಗೆ ಈ ಗಡಿ ದಾಟಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ಈ ರೋಗ, ಅಂದರೆ ಫ್ಲೋರೋಸಿಸ್, ಮೊದಲು ವರದಿಯಾದದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಭಾಗದಿಂದ.

ಈಗ ಲೆಕ್ಕಕ್ಕೆ ಬರೋಣ. ಶುದ್ಧ ನೀರಿನಲ್ಲಾದರೆ ಉತ್ತರ ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಫ್ಲೋರೈಡ್. ಆದರೆ ಬೋರ್ ನೀರು ಶುದ್ಧ ನೀರಲ್ಲ. ಅದರಲ್ಲಿ ಬೇರೆ ಕಡೆಯಿಂದ ಬಂದ ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಸಾಲ್ಯುಬಿಲಿಟಿ ಪ್ರಾಡಕ್ಟ್ ಹೇಳುವುದು ಇಷ್ಟೇ: ಕ್ಯಾಲ್ಸಿಯಂ ಮತ್ತು ಫ್ಲೋರೈಡಿನ ವರ್ಗ, ಇವೆರಡರ ಗುಣಲಬ್ಧ ಒಂದು ಮಿತಿ ದಾಟುವಂತಿಲ್ಲ. 1200 ಚದರಡಿ ಸೈಟು ಇದ್ದ ಹಾಗೆ. 30×40 ಆಗಬಹುದು, 20×60 ಆಗಬಹುದು, ಒಂದು ಕಡೆ ಉದ್ದ ಮಾಡಿದರೆ ಇನ್ನೊಂದು ಕಡೆ ಬಿಟ್ಟುಕೊಡಲೇಬೇಕು. ಇಲ್ಲಿ ಫ್ಲೋರೈಡಿನದು ವರ್ಗವಾದ್ದರಿಂದ ಕ್ಯಾಲ್ಸಿಯಂ ನಾಲ್ಕು ಪಟ್ಟಾದರೆ ಫ್ಲೋರೈಡ್ ಅರ್ಧಕ್ಕೆ ಇಳಿಯುತ್ತದೆ. ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು 7 ಮಿಲಿಗ್ರಾಂವರೆಗೆ ಫ್ಲೋರೈಡ್ ಹಿಡಿದಿಟ್ಟುಕೊಳ್ಳಬಲ್ಲದು. ಕ್ಯಾಲ್ಸಿಯಂ 40 ಇದ್ದರೆ 3.5. ಕ್ಯಾಲ್ಸಿಯಂ 160 ಇದ್ದರೆ 1.8ರ ಆಸುಪಾಸು. ಬೇರೆ ಲವಣಗಳೂ ಇರುವುದರಿಂದ ನಿಜವಾದ ಮಿತಿ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ, ಆದರೆ ಒಟ್ಟು ನಡೆ ಇದೇ.

ಹಾಗಾದರೆ ನಾವು ಬೈಯುವ ಗಡಸು ನೀರು? ಬೇಳೆ ಬೇಯಿಸಲ್ಲ, ಸೋಪು ನೊರೆ ಬರಿಸಲ್ಲ, ಗೀಸರ್‌ಗೆ ಬಿಳಿ ಪೊರೆ ಕಟ್ಟಿಸುತ್ತದೆ, ಎಲ್ಲ ನಿಜ. ಆದರೆ ಅದರ ಕ್ಯಾಲ್ಸಿಯಂ ಫ್ಲೋರೈಡಿಗೆ ಒಂದು ಚಾವಣಿ ಹಾಕಿರುತ್ತದೆ. ಕುಡಿಯಲು ರುಚಿಯಾದ, ಬೇಳೆ ಬೇಗ ಬೇಯುವ, ಸೋಡಿಯಂ ಬೈಕಾರ್ಬನೇಟ್ ಜಾಸ್ತಿ ಇರುವ ಮೆದು ನೀರಿಗೆ ಆ ಚಾವಣಿ ತುಂಬಾ ಎತ್ತರದಲ್ಲಿದೆ. ಒಣ ಸೀಮೆಯಲ್ಲಿ ಕ್ಯಾಲ್ಸಿಯಂ ಹೋಗುವುದೆಲ್ಲಿಗೆ ಅಂದರೆ, ಸುಣ್ಣವಾಗಿ ಮಣ್ಣಿನಲ್ಲೇ ಕೂರುತ್ತದೆ. ಹೊಲ ಅಗೆದಾಗ ಸಿಗುವ ಬಿಳಿ ಗಂಟುಗಳು ಅವೇ. ಮನೆಗೆ ಸಾಫ್ಟ್‌ನರ್ ಹಾಕಿಸಿ ನೆಮ್ಮದಿಯಾಗಿರುವವರಿಗೂ ಒಂದು ಮಾತು: ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಫ್ಲೋರೈಡನ್ನು ಮುಟ್ಟುವುದೇ ಇಲ್ಲ. ಕುದಿಸುವುದು ಇನ್ನೂ ಕಷ್ಟ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ತಾಮ್ರದ ಚೊಂಬಿನ ವಿಷಯ ಎತ್ತಿದರೆ ಜಗಳವಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಫ್ಲೋರೈಡಿಗೂ ಅದಕ್ಕೂ ಸಂಬಂಧವಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರಿಸುವುದು ಮನೆ ಬಾಗಿಲಲ್ಲಿ ನಡೆಯುವ ಒಂದು ಪ್ರದರ್ಶನ. ಒಂದು ಲೋಟದಲ್ಲಿ ನಿಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವರ ಆರ್‌ಓ ನೀರು. ಎರಡಕ್ಕೂ ಲೋಹದ ಸರಳುಗಳನ್ನು ಇಳಿಸಿ ಪ್ಲಗ್ ಹಾಕುತ್ತಾರೆ. ನೋಡುತ್ತಿದ್ದ ಹಾಗೆ ನಿಮ್ಮ ನೀರು ಹಸಿರಾಗುತ್ತದೆ, ಕಂದಾಗುತ್ತದೆ, ಮೇಲೆ ಕೆಸರು ತೇಲುತ್ತದೆ. ಅವರ ನೀರು ತಿಳಿಯಾಗಿಯೇ ಇರುತ್ತದೆ. "ನೋಡಿ ಅಮ್ಮಾ, ಇದನ್ನೇ ನೀವು ಮಕ್ಕಳಿಗೆ ಕುಡಿಸ್ತಿರೋದು!"

ಆ ಕೆಸರು ನೀರಿನದ್ದಲ್ಲ, ಸರಳಿನದ್ದು. ಆನೋಡ್, ಅಂದರೆ ಪ್ಲಸ್ ತುದಿ ಆದ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ. ಇನ್ನೊಂದು ತುದಿಯಲ್ಲಿ ನೀರು ಒಡೆದು ಹೈಡ್ರಾಕ್ಸೈಡ್ ಹುಟ್ಟುತ್ತದೆ. ಎರಡೂ ಸೇರಿ ಹಸಿರು ಕಬ್ಬಿಣದ ಹೈಡ್ರಾಕ್ಸೈಡ್, ಅದಕ್ಕೆ ಗಾಳಿ ತಾಗಿ ತುಕ್ಕಿನ ಬಣ್ಣ. ಫ್ಯಾರಡೆ ನಿಯಮ ಹಾಕಿ ನೋಡಿ: ಅರ್ಧ ಆಂಪಿಯರ್ ಕರೆಂಟು ಎರಡು ನಿಮಿಷ ಹರಿದರೆ 60 ಕೂಲಂಬ್. ಅದನ್ನು ಎರಡು ಸಲದ 96,485ರಿಂದ (ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜು) ಭಾಗಿಸಿ 55.85ರಿಂದ (ಕಬ್ಬಿಣದ ಪರಮಾಣು ತೂಕ) ಗುಣಿಸಿದರೆ 17 ಮಿಲಿಗ್ರಾಂ ಕಬ್ಬಿಣ. ಒಂದು ಲೋಟ ನೀರನ್ನು ಕೆಡಿಸಲು ಅದು ಧಾರಾಳ ಸಾಕು. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಕರೆಂಟೇ ಹರಿಯುವುದಿಲ್ಲ, ಅಷ್ಟೇ. ಪ್ಲಗ್ ತೆಗೆಸಿ, ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, "ಇನ್ನೊಮ್ಮೆ ತೋರಿಸಪ್ಪ" ಎನ್ನಿ.

ಈ ಆಟದಲ್ಲಿ ಫ್ಲೋರೈಡ್ ಕಾಣಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅದಕ್ಕೆ ಬಣ್ಣವಿಲ್ಲ, ಮತ್ತೆ ಅದು ಎಲೆಕ್ಟ್ರಾನನ್ನು ಸುಮ್ನೆ ಬಿಟ್ಟುಕೊಡುವ ಜಾತಿಯಲ್ಲ. ಅದರ ವಿಭವ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಬೇಕಾದ ಒತ್ತಡ, 2.87 ವೋಲ್ಟ್, ನೀರಿನದು 1.23. ಫ್ಲೋರೈಡಿನ ಸರದಿ ಬರುವ ಮೊದಲೇ ನೀರು ಸೋತು ಆಕ್ಸಿಜನ್ ಬಿಡುತ್ತದೆ. ಫ್ರಾನ್ಸಿನ ಆನ್ರಿ ಮ್ವಾಸಾನ್ 1886ರಲ್ಲಿ ಮೊದಲ ಸಲ ಫ್ಲೋರಿನ್ ಬೇರ್ಪಡಿಸಿದ್ದು ನೀರೇ ಇಲ್ಲದ ಹೈಡ್ರೋಜನ್ ಫ್ಲೋರೈಡಿನಲ್ಲಿ. ಪ್ಲಾಟಿನಂ ಕೊಳವೆ, ಅದಕ್ಕೆ ಕ್ಯಾಲ್ಸಿಯಂ ಫ್ಲೋರೈಡ್ ಕಲ್ಲಿನ ಬಿರಡೆ! ಅದಕ್ಕಾಗಿ 1906ರಲ್ಲಿ ನೊಬೆಲ್ ಬಂತು.

ಹಾಗಾದರೆ ಫ್ಲೋರೈಡ್ ಅಳೆಯುವುದು ಹೇಗೆ? ಅಂಗಡಿಯ ಟಿಡಿಎಸ್ ಪೆನ್ನು ಎಲ್ಲ ಲವಣಗಳನ್ನೂ ಒಟ್ಟಿಗೆ ಎಣಿಸುತ್ತದೆ, ಯಾವುದು ಯಾರೆಂದು ಕೇಳುವುದಿಲ್ಲ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬಿಬ್ಬರು ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಪ್ರಕಟಿಸಿದರು. ಆ ಹರಳಿನೊಳಗೆ ಓಡಾಡಬಲ್ಲ ಅಯಾನು ಫ್ಲೋರೈಡ್ ಒಂದೇ. ಹರಳಿನ ಎರಡು ಬದಿಯ ಫ್ಲೋರೈಡ್ ವ್ಯತ್ಯಾಸ ಮಿಲಿವೋಲ್ಟ್ ಆಗಿ ಕಾಣುತ್ತದೆ, 1889ರ ನರ್ನ್‌ಸ್ಟ್ ಸಮೀಕರಣದಂತೆ. ಹತ್ತು ಪಟ್ಟಿಗೆ 59 ಮಿಲಿವೋಲ್ಟ್, ಎರಡು ಪಟ್ಟಿಗೆ 18. ಲೀಟರಿಗೆ 1 ಮಿಲಿಗ್ರಾಂ ಇರುವ ಮಾದರಿ ದ್ರಾವಣ 100 ತೋರಿಸಿ, ನಿಮ್ಮ ಬೋರ್ ನೀರು 82 ತೋರಿಸಿದರೆ ಅದರಲ್ಲಿ 2 ಮಿಲಿಗ್ರಾಂ ಇದೆ. ಫ್ಲೋರೈಡ್ ಋಣ ಅಯಾನು, ಆದ್ದರಿಂದ ಅದು ಏರಿದರೆ ಓದು ಇಳಿಯುತ್ತದೆ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಜಾರುವುದು ಇಲ್ಲೇ. ಇನ್ನೊಂದು, 59 ಎಂಬುದು ದೇವರು ಕೊಟ್ಟ ಸಂಖ್ಯೆಯಲ್ಲ, 25 ಡಿಗ್ರಿಯದ್ದು. ಬೇಸಿಗೆಯಲ್ಲಿ ಪಾವಗಡದ 35 ಡಿಗ್ರಿಗೆ ಅದು 61. ಒಂದು ಮಿಲಿವೋಲ್ಟ್ ತಪ್ಪಿದರೂ ಉತ್ತರ ಶೇ. 4ರಷ್ಟು ತಪ್ಪುತ್ತದೆ.

ಅಳೆಯುವ ನೀರಿಗೆ ಮೊದಲು ಟಿಸಾಬ್ ಎಂಬ ಬಫರ್, ಅಂದರೆ ಪಿಎಚ್ ಅಲುಗದಂತೆ ಹಿಡಿಯುವ ದ್ರಾವಣ, ಬೆರೆಸುತ್ತಾರೆ. ಪಿಎಚ್ 5ರಿಂದ 5.5ರಲ್ಲಿ ನಿಲ್ಲಬೇಕು. ತುಂಬಾ ಕೆಳಗಿಳಿದರೆ ಫ್ಲೋರೈಡ್ ಹೈಡ್ರೋಜನ್ ಜತೆ ಸೇರಿ ಎಲೆಕ್ಟ್ರೋಡಿನ ಕಣ್ಣು ತಪ್ಪಿಸುತ್ತದೆ, ತುಂಬಾ ಮೇಲೇರಿದರೆ ಹೈಡ್ರಾಕ್ಸೈಡ್ ಫ್ಲೋರೈಡಿನ ವೇಷ ಹಾಕುತ್ತದೆ.

ಆರ್‌ಓ ಫ್ಲೋರೈಡ್ ತೆಗೆಯುತ್ತದೆ, ಅದರಲ್ಲಿ ತಕರಾರಿಲ್ಲ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಊರಿನ ಘಟಕ ಆ ಕೆಲಸ ಮಾಡುತ್ತಿದೆ. ಆದರೆ ತೆಗೆದದ್ದು ಹೋಗುವುದೆಲ್ಲಿಗೆ? ಕ್ಯಾಲ್ಸಿಯಂ 40, ಫ್ಲೋರೈಡ್ 3 ಮಿಲಿಗ್ರಾಂ ಇರುವ ನೀರು ಒಳಗೆ ಹೋಗಿ, ಅರ್ಧ ಕ್ಯಾನಿಗೆ, ಅರ್ಧ ಚರಂಡಿಗೆ ಬಂತು ಅನ್ನಿ. ಚರಂಡಿಯ ನೀರಿನಲ್ಲಿ ಎರಡೂ ದುಪ್ಪಟ್ಟು, ಅಂದರೆ ಗುಣಲಬ್ಧ ಎಂಟು ಪಟ್ಟು. ಒಳಗೆ ಹೋಗುವಾಗ ಮಿತಿಯ ಕೆಳಗಿದ್ದ ನೀರು ಈಗ ಮಿತಿ ದಾಟಿದೆ. ಹಾಗೇ ಬಿಟ್ಟರೆ ಕ್ಯಾಲ್ಸಿಯಂ ಫ್ಲೋರೈಡ್ ಆರ್‌ಓದ ಸೋಸುವ ಪೊರೆಯ (ಮೆಂಬ್ರೇನ್) ಮೇಲೆಯೇ ಕೂರಬಹುದು. ಆಂಟಿಸ್ಕೇಲೆಂಟ್ ಡಬ್ಬ ಅಲ್ಲಿರುವುದು ಇಂಥದ್ದನ್ನು ತಡೆಯಲಿಕ್ಕೇ. ಮುಂದಿನ ಪ್ರಶ್ನೆಪತ್ರಿಕೆಗೆ ಬೀಕರಿನ ಬದಲು ಈ ಲೆಕ್ಕ ಕೊಡಬಹುದು, ಅಲ್ವಾ?