ಕ್ವಾಂಟಂ ಪಿಎಚ್.ಡಿ.: ಅರ್ಜಿ ಹಾಕುವ ಮುಂಚೆ ಕೆಲಸ ಯಾವುದೆಂದು ನೋಡಿ

"ನನಗೆ ಕ್ವಾಂಟಂ ಕಂಪ್ಯೂಟಿಂಗ್‌ನಲ್ಲಿ ತುಂಬಾ ಆಸಕ್ತಿಯಿದೆ, ತಮ್ಮ ಬಳಿ ಪಿಎಚ್.ಡಿ. ಮಾಡಬೇಕೆಂದಿದ್ದೇನೆ." ಇಷ್ಟೇ ಇರುವ ಪತ್ರಕ್ಕೆ ಪ್ರಾಧ್ಯಾಪಕರಿಂದ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ, ಅಂಕಗಳು ಎಷ್ಟೇ ಚೆನ್ನಾಗಿರಲಿ. ಎಷ್ಟು ಸಲ ಹೇಳಿದರೂ ಮಕ್ಕಳು ಅದೇ ಪತ್ರವನ್ನು ಐವತ್ತು ಕಡೆ ಕಳಿಸುತ್ತಾರೆ. ನೋಡಿ ಸಂಕಟವಾಗುತ್ತದೆ, ಅವರಲ್ಲಿ ಬಹಳ ಮಂದಿ ನಿಜಕ್ಕೂ ಜಾಣರು.

ಕ್ವಾಂಟಂ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆಬೇರೆ ಕಸುಬುಗಳಿವೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ (ವಿದ್ಯುತ್ ರೋಧವಿಲ್ಲದ ಲೋಹದ ಸರ್ಕ್ಯೂಟಿನಿಂದ ಮಾಡಿದ, ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕ) ಲ್ಯಾಬಿಗೆ ಸೇರಿದರೆ ನೀವು ಮುಕ್ಕಾಲು ಪಾಲು ಮೈಕ್ರೋವೇವ್ ಎಂಜಿನಿಯರ್. ಅಲ್ಲಿನ ಕ್ಯೂಬಿಟ್ ಸುಮಾರು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ; ಆ ಶಕ್ತಿಯನ್ನು ತಾಪಕ್ಕೆ ಹೋಲಿಸಿದರೆ ಬರೀ 0.24 ಕೆಲ್ವಿನ್. ಸುತ್ತಲಿನ ತಾಪ ಅದಕ್ಕಿಂತ ಬಹಳ ಕಡಿಮೆಯಿರದಿದ್ದರೆ ಬಿಸಿಯೇ ಕ್ಯೂಬಿಟ್‌ನ ಸ್ಥಿತಿಯನ್ನು ಕೆಡಿಸುತ್ತದೆ. ಹಾಗಾಗಿ 4 ಕೆಲ್ವಿನ್ನಿನ ದ್ರವ ಹೀಲಿಯಂ ಸಾಲದು, ಡೈಲ್ಯೂಷನ್ ಫ್ರಿಜ್ ಎಂಬ ಅತಿಶೀತಲ ಯಂತ್ರದಲ್ಲಿ 10–20 ಮಿಲಿಕೆಲ್ವಿನ್‌ವರೆಗೆ ಇಳಿಯಬೇಕು. ಕೇಬಲ್ ಮೂಲಕ ಹೊರಗಿನ ಬಿಸಿಯ ಗದ್ದಲ ಒಳಬರದಂತೆ ಒಟ್ಟು 60 ಡೆಸಿಬಲ್ ಆಸುಪಾಸು (ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ) ಸಂಕೇತವನ್ನು ಕುಗ್ಗಿಸುವ ಅಟೆನ್ಯುಯೇಟರ್ ಹಾಕುತ್ತಾರೆ. ಅಷ್ಟನ್ನೂ ಮೇಲೆ ಒಂದೇ ಕಡೆ ಹಾಕಿದರೆ ಪ್ರಯೋಜನವಿಲ್ಲ. ಅಟೆನ್ಯುಯೇಟರ್ ತಾನಿರುವ ತಾಪದ ಗದ್ದಲವನ್ನು ತಾನೇ ಸೇರಿಸುತ್ತದೆ. ಆದ್ದರಿಂದ ಹಂತಹಂತವಾಗಿ ಫ್ರಿಜ್‌ನ ಕೆಳಗಿನ ಅತಿ ತಣ್ಣನೆಯ ತಟ್ಟೆಯವರೆಗೂ ಹಂಚಬೇಕು. ಒಳಗೊಂದು ಕನೆಕ್ಟರ್ ಸಡಿಲವಾಗಿದ್ದರೆ ಅದು ಗೊತ್ತಾಗುವುದು ಎಲ್ಲ ತಣ್ಣಗಾದ ಮೇಲೆ. ಬಿಸಿಮಾಡಿ, ಬಿಚ್ಚಿ, ಮತ್ತೆ ತಣಿಸುವಷ್ಟರಲ್ಲಿ ಒಂದು ವಾರ ಹೋಯಿತು.

ಬಂಧಿತ ಅಯಾನುಗಳ (ವಿದ್ಯುತ್ ಕ್ಷೇತ್ರದಲ್ಲಿ ಹಿಡಿದಿಟ್ಟ, ವಿದ್ಯುದಂಶವುಳ್ಳ ಪರಮಾಣುಗಳ) ಲ್ಯಾಬಿನಲ್ಲಿ ಕೆಲಸವೆಲ್ಲ ಲೇಸರ್ ಮತ್ತು ನಿರ್ವಾತದ್ದು. ನಿರ್ವಾತದ ಪಾತ್ರೆಯೊಳಗೆ ಒಂದು ಬೆರಳಚ್ಚಿನ ಜಿಡ್ಡು ಉಳಿದರೂ ಒತ್ತಡ ಇಳಿಯುವುದಿಲ್ಲ. ವಜ್ರದ ಎನ್‌ವಿ ಕೇಂದ್ರಗಳಾದರೆ (ಹರಳಿನಲ್ಲಿ ಒಂದು ಸಾರಜನಕ ಪರಮಾಣು, ಅದರ ಪಕ್ಕದಲ್ಲೊಂದು ಖಾಲಿ ಜಾಗ) ಕೋಣೆಯ ತಾಪದಲ್ಲೇ ಕೆಲಸ: 532 ನ್ಯಾನೋಮೀಟರಿನ ಹಸಿರು ಲೇಸರ್, 2.87 ಗಿಗಾಹರ್ಟ್ಸ್ ಮೈಕ್ರೋವೇವ್. ಥಿಯರಿಗೆ ಹೋಗುವವರಿಗೆ ಇದಾವುದೂ ಬೇಡ, ಲೀನಿಯರ್ ಆಲ್ಜೀಬ್ರಾ ಗಟ್ಟಿಯಿರಬೇಕು.

ಆದ್ದರಿಂದ ಪತ್ರ ಬರೆಯುವ ಮುಂಚೆ ಆ ತಂಡದ ಇತ್ತೀಚಿನ ಎರಡು ಪ್ರಬಂಧಗಳಲ್ಲಿ ಪ್ರಯೋಗ ವಿಧಾನದ ಭಾಗವನ್ನೂ ಕೊನೆಯ ಪೂರಕ ಪುಟಗಳನ್ನೂ ಓದಿ. ದಿನನಿತ್ಯದ ಕೆಲಸ ಏನೆಂಬುದು ಅಲ್ಲಿರುತ್ತದೆ. ನಿಮ್ಮ ಕೈ ಪಳಗಿರುವುದನ್ನು ಅದಕ್ಕೆ ಹೊಂದಿಸಿ ಬರೆಯಿರಿ.

ಉದಾಹರಣೆಗೆ, ಎರಡು ಕನ್ನಡಿಗಳಿಂದ ಲೇಸರ್ ಬೆಳಕನ್ನು ತಿರುಗಿಸಿ ಸಿಂಗಲ್ ಮೋಡ್ ಫೈಬರಿಗೆ (ಕೂದಲೆಳೆಯಂಥ ಗಾಜಿನ ಎಳೆಗೆ) ಇಳಿಸುವುದು. ಅದರ ತಿರುಳು ಕೆಲವೇ ಮೈಕ್ರಾನ್ ಅಷ್ಟೆ. ಹೊಸಬರು ಒಂದೇ ಕನ್ನಡಿಯನ್ನು ತಿರುಗಿಸುತ್ತ ಶೇ. 20ರಷ್ಟು ಬೆಳಕು ಒಳಹೋಗುವ ಹತ್ತಿರ ನಿಂತುಬಿಡುತ್ತಾರೆ, ಏಕೆಂದರೆ ಜಾಗ ಸರಿಹೋದರೆ ಕೋನ ಕೆಡುತ್ತದೆ. ಮೊದಲ ಕನ್ನಡಿಯನ್ನು ಬೇಕೆಂದೇ ಚೂರು ಕೆಡಿಸಿ, ಎರಡನೆಯದರಿಂದ ಸರಿಪಡಿಸಬೇಕು. ಪವರ್ ಮೀಟರ್ ಮುಂಚೆಗಿಂತ ಹೆಚ್ಚು ತೋರಿಸಿತೇ? ಅದೇ ದಿಕ್ಕಿಗೆ ಮುಂದುವರಿಯಿರಿ, ಇಲ್ಲವಾದರೆ ಉಲ್ಟಾ. ಅಡ್ಡಕ್ಕೆ ಒಮ್ಮೆ, ಮೇಲೆ-ಕೆಳಕ್ಕೆ ಒಮ್ಮೆ. "ಹೀಗೆ ಮಾಡಿ ಶೇ. 60 ದಾಟಿಸಿದ್ದೇನೆ" ಎಂಬ ಒಂದು ಸಾಲು ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಳಿಗಿಂತ ತೂಕದ್ದು.

ಹಣದ ವಿಚಾರ ಕೇಳಲು ಸಂಕೋಚ ಬೇಡ. ವೇತನ ಮೂರು ವರ್ಷದ್ದು, ಪದವಿಗೆ ನಾಲ್ಕು ಹಿಡಿಯುತ್ತದೆ ಎಂದಾದರೆ ಉಳಿದ ವರ್ಷ ಯಾರು ಕೊಡುತ್ತಾರೆ? ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳಲ್ಲಿ ಇನ್ನೊಂದು ನಿಯಮವಿದೆ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲಿ ನೆಲೆಸಿರಬಾರದು. ಅಲ್ಲೇ ಎಂ.ಎಸ್ಸಿ. ಓದುತ್ತಿರುವವರು ಇದನ್ನು ಮರೆತು ಅವಕಾಶ ಕಳೆದುಕೊಳ್ಳುತ್ತಾರೆ. ಅರ್ಜಿ ಆಹ್ವಾನದ ಷರತ್ತುಗಳನ್ನು ಪ್ರತಿ ಸಲವೂ ಓದಿಕೊಳ್ಳಿ.

ಒಪ್ಪಿಗೆ ಕೊಡುವ ಮುನ್ನ ಅಲ್ಲಿನ ಹಾಲಿ ವಿದ್ಯಾರ್ಥಿಯೊಬ್ಬರನ್ನು ಒಂಟಿಯಾಗಿ ಮಾತನಾಡಿಸಿ. ಫ್ರಿಜ್ ಕಳೆದ ವರ್ಷ ಎಷ್ಟು ತಿಂಗಳು ನಡೆಯಿತು, ಒಂದು ಫ್ರಿಜ್‌ಗೆ ಎಷ್ಟು ಜನ ಸರದಿಯಲ್ಲಿದ್ದಾರೆ ಎಂದು ಕೇಳಿ.