ಸಿಮ್ ಇಲ್ಲದ ಫೋನು ಚಾರ್ಮಾಡಿ ಘಾಟಿ ಇಳಿದ ಬಗೆ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗನ ಜೊತೆ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮತ್ತೆ ಕಾರು ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು, "ಮಾವ, ಟವರ್ ಹೋಯ್ತು, ಇನ್ನು ಜಿಪಿಎಸ್ ಬರಲ್ಲ" ಎಂದು ಫೋನನ್ನು ಜೇಬಿಗೆ ಸೇರಿಸಲು ಹೊರಟ. ಹಾಗೇ ಹಿಡಿದುಕೊಂಡು ಪರದೆಯನ್ನೇ ನೋಡು ಎಂದೆ. ನಕ್ಷೆ ಮಾಯವಾಗಿ, ಬೂದು ಬಣ್ಣದ ಖಾಲಿ ಚೌಕುಳಿಯಷ್ಟೇ ಉಳಿದಿತ್ತು. ಆದರೆ ಆ ಖಾಲಿಯ ಮೇಲೆ ನೀಲಿ ಚುಕ್ಕೆಯೊಂದು ಕಾರು ಎಡಕ್ಕೆ ಹೊರಳಿದಾಗ ಎಡಕ್ಕೂ ಬಲಕ್ಕೆ ಹೊರಳಿದಾಗ ಬಲಕ್ಕೂ ಸರಿಯುತ್ತ ತನ್ನ ಪಾಡಿಗೆ ಘಾಟಿ ಇಳಿಯುತ್ತಿತ್ತು. ನನ್ನ ಡ್ಯಾಶ್‌ಬೋರ್ಡಿನ ಮೇಲಿದ್ದ ಹಳೆಯ ಫೋನು, ಸಿಮ್ ಕಾರ್ಡ್ ತೆಗೆದು ನಾಲ್ಕು ವರ್ಷವಾಗಿದ್ದ ಫೋನು, ಪ್ರತಿ ಹೇರ್‌ಪಿನ್ ತಿರುವನ್ನೂ ಹೆಸರಿಟ್ಟು ಕರೆದಂತೆ ತೋರಿಸುತ್ತಿತ್ತು. ಅವನಿಗೆ ಅದು ಕಣ್ಕಟ್ಟಿನಂತೆ ಕಂಡಿತು.

ಕಾರಿಗೆ ದಾರಿ ತೋರಿಸುವ ಸಾಧನವನ್ನು ಆರಿಸಲು ಹೊರಟವರು ಮೊದಲು ಬಿಡಬೇಕಾದ ತಪ್ಪು ನಂಬಿಕೆ ಇದೇ, ಟವರ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಎಂಬುದು. ನಾವು ಎಲ್ಲಿದ್ದೇವೆ ಎನ್ನುವುದು ಆಕಾಶದಿಂದ ತಿಳಿಯುತ್ತದೆ, ಅದಕ್ಕೆ ಟವರಾಗಲಿ ಡೇಟಾ ಪ್ಯಾಕಾಗಲಿ ಬೇಕಿಲ್ಲ. ಸುತ್ತಮುತ್ತ ಏನಿದೆ ಎನ್ನುವುದು ನಕ್ಷೆಯಿಂದ ತಿಳಿಯುತ್ತದೆ, ಆ ನಕ್ಷೆ ಫೋನಿನೊಳಗೆ ಮೊದಲೇ ಇಳಿದಿರಬೇಕು, ಇಲ್ಲವೇ ಟವರ್ ಮೂಲಕ ಆ ಕ್ಷಣಕ್ಕೆ ಬರಬೇಕು. ಈ ಎರಡನ್ನು ಒಂದೇ ಎಂದು ತಿಳಿದವರು ಘಾಟಿಯಲ್ಲಿ ಯಾವುದೋ ಕಾಂತಶಕ್ತಿ ಇದೆಯಂತೆ, ಅಲ್ಲಿ ಜಿಪಿಎಸ್ ಸಾಯುತ್ತದಂತೆ ಎಂಬ ವಾಟ್ಸ್ಯಾಪ್ ಕಥೆಗಳನ್ನು ನಂಬುತ್ತಾರೆ. ಅಲ್ಲಿ ಕಾಂತಶಕ್ತಿಯೂ ಇಲ್ಲ, ಮಾಟವೂ ಇಲ್ಲ; ನಕ್ಷೆ ಇಳಿಸಿಕೊಂಡಿರಲಿಲ್ಲ, ಅಷ್ಟೆ.

ಉಪಗ್ರಹವು ನಮ್ಮನ್ನು ನೋಡುತ್ತಿರುತ್ತದೆ ಎಂಬ ಮಾತೂ ಇದರ ಒಡಹುಟ್ಟಿದ್ದೇ. ಹಾಸನ ಆಕಾಶವಾಣಿಯು ಚಿತ್ರಗೀತೆ ಹಾಕಿದಾಗ ಅದನ್ನು ಆಲೂರಿನಲ್ಲಿ ಯಾರು ಕೇಳುತ್ತಿದ್ದಾರೆ, ಅರಕಲಗೂಡಿನಲ್ಲಿ ಯಾರು ಕೇಳುತ್ತಿದ್ದಾರೆ ಎಂದು ನಿಲಯಕ್ಕೆ ತಿಳಿಯುವುದಿಲ್ಲ. ಜಿಪಿಎಸ್ ಉಪಗ್ರಹವೂ ಅಂಥದೇ ಒಂದು ಪ್ರಸಾರ ಕೇಂದ್ರ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಅದು ಹೇಳುವುದು ಮುಖ್ಯವಾಗಿ ಎರಡೇ ಸಂಗತಿ: ನಾನು ಈಗ ಇಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಗಂಟೆ. ಫೋನು ಕೇಳುತ್ತದೆ, ಉಪಗ್ರಹಕ್ಕೆ ಮರುಮಾತು ಆಡುವುದಿಲ್ಲ. ನಮ್ಮ ಓಡಾಟದ ಸುಳಿವು ಬೇರೆಯವರಿಗೆ ಸಿಗುವುದಿದ್ದರೆ ಅದು ಫೋನಿನಲ್ಲಿರುವ ಆ್ಯಪ್‌ಗಳು ಇಂಟರ್ನೆಟ್ ಮೂಲಕ ಕಳಿಸುವುದರಿಂದ. ಆ ದೂರನ್ನು ಉಪಗ್ರಹದ ಮೇಲೆ ಹೊರಿಸಬಾರದು.

ಗಂಟೆ ಎಷ್ಟೆಂದು ಕೇಳಿಸಿಕೊಂಡರೆ ದೂರ ಹೇಗೆ ತಿಳಿಯುತ್ತದೆ ಎನ್ನುವುದೇ ಇದರಲ್ಲಿ ನನಗೆ ಎಂದೂ ಹಳತಾಗದ ಭಾಗ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ ಹಾಕುವುದು ಮಲೆನಾಡಿನಲ್ಲಿ ಬೆಳೆದವರಿಗೆ ಗೊತ್ತಿರುವ ಆಟ. ಫೋನು ಆಡುವುದೂ ಅದನ್ನೇ, ಆದರೆ ಗುಡುಗಿನ ಬದಲು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ರೇಡಿಯೊ ಅಲೆಯೊಡನೆ. ನೆತ್ತಿಯ ಮೇಲಿರುವ ಉಪಗ್ರಹದ ಮಾತು ನಮ್ಮನ್ನು ಮುಟ್ಟಲು 0.067 ಸೆಕೆಂಡು ಸಾಕು. ಈ ಎಣಿಕೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹದಲ್ಲಿ ಪರಮಾಣು ಗಡಿಯಾರವಿರುತ್ತದೆ. ಆದರೆ ಫೋನಿನಲ್ಲಿರುವುದು ಕೈಗಡಿಯಾರದಲ್ಲಿರುವಂಥ ಸಾಮಾನ್ಯ ಸ್ಫಟಿಕದ ಚೂರು, ಈ ಲೆಕ್ಕಕ್ಕೆ ಅದನ್ನು ನಂಬಲು ಸಾಧ್ಯವೇ ಇಲ್ಲ. ಹಾಗಿದ್ದರೂ ಲೆಕ್ಕ ಸರಿಬರುವುದು ಹೇಗೆ?

ಕಾಫಿ ವ್ಯಾಪಾರಿಯ ತಕ್ಕಡಿಯನ್ನು ನೆನೆಯಿರಿ. ಮೂಟೆ ತೂಗಿದಾಗ ಬೀಜದ ತೂಕದೊಡನೆ ಗೋಣಿಚೀಲದ ತೂಕವೂ ಸೇರಿರುತ್ತದೆ. ಖಾಲಿ ಚೀಲ ಎಷ್ಟು ತೂಗುತ್ತದೆಂದು ಗೊತ್ತಿಲ್ಲದಿದ್ದರೂ ಎಲ್ಲ ಚೀಲಗಳೂ ಒಂದೇ ತೂಕದವು ಎಂಬುದು ಗೊತ್ತಿದ್ದರೆ, ಅದೇ ಬೀಜವನ್ನು ಒಮ್ಮೆ ಒಂದು ಚೀಲದಲ್ಲೂ ಇನ್ನೊಮ್ಮೆ ಎರಡು ಚೀಲಗಳಿಗೆ ಹಂಚಿಯೂ ತೂಗಿ, ಎರಡು ಲೆಕ್ಕವನ್ನು ತಾಳೆ ನೋಡಿ ಚೀಲದ ತೂಕವನ್ನು ಹೊರಗೆಳೆಯಬಹುದು. ಫೋನಿನ ಗಡಿಯಾರದ ತಪ್ಪು ಹೀಗೆ ಪ್ರತಿ ಉಪಗ್ರಹದ ದೂರಕ್ಕೂ ಸಮನಾಗಿ ಸೇರಿಕೊಂಡಿರುವ ಗೋಣಿಚೀಲ. ಇದು ಸಾಲದೆನಿಸಿದರೆ ತೋಟದ ಅಂಗಳಕ್ಕೆ ಬನ್ನಿ. ಮೂರು ಮರಗಳಿಗೆ ಕಟ್ಟಿದ ಮೂರು ಹಗ್ಗಗಳ ತುದಿಗಳು ನೀವು ನಿಂತಿರುವ ಜಾಗದಲ್ಲಿ ಬಿಗಿಯಾಗಿ ಕೂಡಬೇಕು. ಆದರೆ ಹಗ್ಗ ಕತ್ತರಿಸಿದವನು ಮೂರನ್ನೂ ಒಂದೇ ಅಳತೆಯಷ್ಟು ಉದ್ದ ಬಿಟ್ಟಿದ್ದಾನೆ. ಮೂರರಿಂದಲೂ ಸಮನಾಗಿ ಗೇಣು ಗೇಣು ಕತ್ತರಿಸುತ್ತ ಹೋದರೆ ಮೂರೂ ತುದಿಗಳು ಸೆಟೆದು ಒಂದೇ ಗಂಟಿನಲ್ಲಿ ಕೂಡುವ ಒಂದು ಅಳತೆ ಸಿಕ್ಕೇ ಸಿಗುತ್ತದೆ. ಆ ಗಂಟೇ ನಿಮ್ಮ ಜಾಗ, ಕತ್ತರಿಸಿದ ತುಂಡೇ ಗಡಿಯಾರದ ತಪ್ಪು. ಸಮತಟ್ಟಾದ ಅಂಗಳದಲ್ಲಿ ಮೂರು ಮರ ಸಾಕು. ಘಾಟಿಯಲ್ಲಿ ಎತ್ತರವನ್ನೂ ಕಂಡುಹಿಡಿಯಬೇಕಾದ್ದರಿಂದ ನಾಲ್ಕನೆಯದು ಬೇಕು. ಕನಿಷ್ಠ ನಾಲ್ಕು ಉಪಗ್ರಹ ಎಂದು ಪುಸ್ತಕಗಳಲ್ಲಿ ಬರೆದಿರುವುದರ ಹಿಂದಿನ ಗುಟ್ಟು ಇಷ್ಟೇ.

ಐನ್‌ಸ್ಟೈನ್ ಈ ಲೆಕ್ಕದೊಳಗೆ ಬರುವುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ವೇಗದಲ್ಲಿ ಓಡುವುದರಿಂದ ಉಪಗ್ರಹದ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಮೈಕ್ರೊಸೆಕೆಂಡು) ಹಿಂದೆ ಬೀಳುತ್ತದೆ, ಗುರುತ್ವ ಕಡಿಮೆ ಇರುವ ಎತ್ತರದಲ್ಲಿರುವುದರಿಂದ 45 ಮೈಕ್ರೊಸೆಕೆಂಡು ಮುಂದೆ ಹೋಗುತ್ತದೆ. ಒಟ್ಟಾರೆ 38 ಮೈಕ್ರೊಸೆಕೆಂಡು ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕ ದಿನಕ್ಕೆ 11 ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಇಂಥ ವ್ಯವಸ್ಥೆಯನ್ನು ಅಮೆರಿಕದ ಸೇನೆ ಕಟ್ಟಲು ತೊಡಗಿ ಮೊದಲ ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. ಜನಸಾಮಾನ್ಯರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕೆಂದೇ ತಪ್ಪು ಬೆರೆಸುವ ಪದ್ಧತಿಯನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಿನಲ್ಲಿ. ಅದಕ್ಕೆ ಮೊದಲು ನೂರು ಮೀಟರ್‌ವರೆಗೂ ಹೆಚ್ಚುಕಡಿಮೆ ಬರುತ್ತಿತ್ತು. ಚಾರ್ಮಾಡಿಯಲ್ಲಿ ನೂರು ಮೀಟರ್ ಎಂದರೆ ಚುಕ್ಕೆ ರಸ್ತೆಯಲ್ಲಿರುವುದಿಲ್ಲ, ಪ್ರಪಾತದಲ್ಲಿರುತ್ತದೆ.

ಹಾಸನದವರಿಗೆ ಈ ಕಥೆಯಲ್ಲಿ ಮನೆಯಂಗಳದ ಪಾಲೊಂದಿದೆ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಣುವ ಬೃಹತ್ ಬಟ್ಟಲುಗಳು ಇಸ್ರೊ ಸಂಸ್ಥೆಯ, 1982ರಲ್ಲಿ ಆರಂಭವಾದ ಮುಖ್ಯ ನಿಯಂತ್ರಣ ಕೇಂದ್ರದವು, ಊರಿನವರ ಬಾಯಲ್ಲಿ ಎಂ.ಸಿ.ಎಫ್. ನಮ್ಮದೇ ದೇಶದ ದಾರಿಗಾಣುವ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳನ್ನು ಕಕ್ಷೆಯಲ್ಲಿ ಕಾಯುವ ಕೆಲಸವೂ ಹಾಸನದ್ದೇ. ಮೊದಲ ನಾವಿಕ್ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರಲ್ಲಿದ್ದ ಮೂರು ಆಮದು ಪರಮಾಣು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ಕೆಟ್ಟುಹೋದವು. ಉಪಗ್ರಹ ಗಟ್ಟಿಯಾಗಿತ್ತು, ಗಂಟೆ ಹೇಳುವ ಶಕ್ತಿ ಹೋಗಿತ್ತು, ಗಂಟೆ ಹೇಳದ ದಾರಿಗಾರ ದಾರಿಗಾರನೇ ಅಲ್ಲ. 2023ರ ಮೇ ತಿಂಗಳಿನಲ್ಲಿ ಹಾರಿದ, ಹೊಸ ಪೀಳಿಗೆಯ ನಾವಿಕ್ ಉಪಗ್ರಹ ಎನ್‌ವಿಎಸ್-01 ನಮ್ಮಲ್ಲೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿಸಿದ ಕಕ್ಷೆಯನ್ನು ಸೇರಲಿಲ್ಲ.

ಅಭಿಮಾನಕ್ಕಾಗಿ ಮಾತ್ರ ಇಷ್ಟನ್ನು ಹೇಳಲಿಲ್ಲ. ನಾವಿಕ್‌ನ ಮೊದಲ ಪೀಳಿಗೆಯ ಉಪಗ್ರಹಗಳಿಂದ ಫೋನು ಹಿಡಿಯುವ ಸಿಗ್ನಲ್ ಎಲ್5 ಎಂಬ ಅಲೆಯಳತೆಯಲ್ಲಿದೆ (ಫ್ರೀಕ್ವೆನ್ಸಿ), ಆದ್ದರಿಂದ ಅವನ್ನು ಹಿಡಿಯಬಲ್ಲ ಫೋನಿಗೆ ಎಲ್5 ಹಿಡಿಯುವ ಯಂತ್ರಾಂಗ ಇರಲೇಬೇಕು, ಮತ್ತು ಅದು ಇದ್ದರೆ ಜಿಪಿಎಸ್‌ನ ಹೊಸ ಉಪಗ್ರಹಗಳ ಹಾಗೂ ಯುರೋಪಿನ ಗೆಲಿಲಿಯೊದ ಅದೇ ಅಲೆಯಳತೆಯ ಸಿಗ್ನಲ್‌ಗೂ ಅದು ನೆರವಾಗಬಲ್ಲದು. ಹಳೆಯ ಎಲ್1 ಸಿಗ್ನಲ್ ಅಂಗುಲದ ಗೆರೆಗಳಿರುವ ಅಳತೆಕೋಲಾದರೆ ಎಲ್5 ಅದಕ್ಕಿಂತ ಹತ್ತು ಪಟ್ಟು ಒತ್ತಾಗಿ ಗೆರೆ ಎಳೆದ ಅಳತೆಕೋಲು. ಹಾಸನದ ಬೈಪಾಸಿನಲ್ಲಿ ನೀವು ಹೆದ್ದಾರಿಯ ಮೇಲಿದ್ದೀರೋ ಪಕ್ಕದ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂದು ಫೋನು ಗೊಂದಲಗೊಳ್ಳುವ ಕಡೆಗಳಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಫೋನು ಕೊಳ್ಳುವಾಗ ವಿವರಪಟ್ಟಿಯಲ್ಲಿ ಎಲ್1 ಮತ್ತು ಎಲ್5 ಎರಡೂ ಇವೆಯೇ ಎಂದು ನೋಡಿ. ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡುವ ಶ್ರದ್ಧೆಯ ಅರ್ಧದಷ್ಟು ಸಾಕು.

ಇನ್ನು ಕಾಡಿನ ಮಾತು. ಆಕಾಶದಿಂದ ಬಂದು ಮುಟ್ಟುವ ಸಿಗ್ನಲ್ ನಂಬಲಾಗದಷ್ಟು ಕ್ಷೀಣ: ಒಂದು ವ್ಯಾಟ್‌ ಅನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ನೂರು ಭಾಗ ಮಾಡಿದರೆ ಸಿಗುವಷ್ಟು. ನೀರು ಈ ಅಲೆಯನ್ನು ಹೀರುತ್ತದೆ, ಎಲೆ ತುಂಬ ನೀರೇ. ಉಪಗ್ರಹಗಳ ಸಿಗ್ನಲ್ ಬಲವನ್ನು ಕಂಬಗಳಂತೆ ತೋರಿಸುವ ಉಚಿತ ಆ್ಯಪ್‌ಗಳಿವೆ; ಆಲ್ದೂರಿನ ಕಡೆ ಸಿಲ್ವರ್ ಓಕ್, ಹಲಸು, ಅತ್ತಿ ಒತ್ತಾಗಿರುವ ತೋಟದ ರಸ್ತೆಗೆ ಕಾರು ಹೊಕ್ಕಾಗ ಆ ಕಂಬಗಳು ಒಂದೊಂದಾಗಿ ಕುಗ್ಗುವುದನ್ನೂ ಬಯಲಿಗೆ ಬಂದ ಕೂಡಲೆ ಮತ್ತೆ ಏಳುವುದನ್ನೂ ನೋಡುತ್ತ ಕೂರುವುದು, ಚಾಲಕರಲ್ಲದವರಿಗೆ, ಒಳ್ಳೆಯ ಹೊತ್ತುಗಳೆ. ಘಾಟಿಯಲ್ಲಿ ಬೇರೆಯದೇ ತೊಂದರೆ. ಒಂದು ಬದಿಯ ಗುಡ್ಡವು ಅರ್ಧ ಆಕಾಶವನ್ನು ಮರೆಮಾಡುತ್ತದೆ, ಬಂಡೆಗೆ ಬಡಿದು ಬಂದ ಅಲೆ ನೇರ ಬಂದದ್ದಕ್ಕಿಂತ ಹೆಚ್ಚು ದೂರ ನಡೆದು ಲೆಕ್ಕ ಕೆಡಿಸುತ್ತದೆ.

ಕಾರಿಗೆಂದೇ ಸಿಗುವ ಪ್ರತ್ಯೇಕ ಜಿಪಿಎಸ್ ಸಾಧನಗಳಿಗೆ ನಿಜವಾಗಿಯೂ ಒಂದು ಮೇಲುಗೈ ಇರುವುದು ಇಲ್ಲೇ. ಉಪಗ್ರಹದ ಅಲೆ ತಿರುಪುಮೊಳೆಯಂತೆ ಬಲಕ್ಕೆ ಸುತ್ತುತ್ತ ಬರುತ್ತದೆ. ಬಂಡೆಗೆ ತಾಗಿ ಮರಳಿದಾಗ, ಕನ್ನಡಿಯಲ್ಲಿ ಬಲಗೈ ಎಡಗೈಯಾಗುವಂತೆ, ಅದರ ಸುತ್ತು ಬಹುಮಟ್ಟಿಗೆ ತಿರುಗುಮುರುಗಾಗುತ್ತದೆ. ಆ ಸಾಧನಗಳಲ್ಲಿ ಸಾಮಾನ್ಯವಾಗಿರುವ ಪಿಂಗಾಣಿ ಬಿಲ್ಲೆಯ ಆಂಟೆನಾ ಬಲಸುತ್ತನ್ನು ಬರಮಾಡಿಕೊಂಡು ಎಡಸುತ್ತನ್ನು ದೂರವಿಡುತ್ತದೆ. ಫೋನಿನ ಅಂಚಿನಲ್ಲಿ ತುರುಕಿರುವ ಸಣ್ಣ ಆಂಟೆನಾ ಅಷ್ಟು ವಿವೇಚನೆ ಮಾಡುವುದಿಲ್ಲ. ಹಾಗಾದರೆ ಪ್ರತ್ಯೇಕ ಸಾಧನವನ್ನೇ ಕೊಳ್ಳಬಾರದೇಕೆ ಎಂದರೆ, ನಮ್ಮ ಕಡೆಯ ಹಳ್ಳಿಗಾಡಿನ ರಸ್ತೆಗಳು ಫೋನಿನ ನಕ್ಷೆಗಳಲ್ಲಿ ಬೇಗ ಸೇರುತ್ತವೆ, ಬೇಗ ತಿದ್ದುಪಡಿಯಾಗುತ್ತವೆ. ಬಿಸಿಲೆಯ ದಾರಿಯಲ್ಲಿ ಐದು ಮೀಟರ್ ನಿಖರತೆಗಿಂತ, ಮುಂದೆ ಸೇತುವೆ ಇದೆಯೇ ಎಂಬುದು ಮುಖ್ಯ.

ಆದ್ದರಿಂದ ನನ್ನ ಆಯ್ಕೆ ಮೇಜಿನ ಖಾನೆಯಲ್ಲಿ ಬಿದ್ದಿರುವ ಹಳೆಯ ಫೋನು. ಅದಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ ಇಷ್ಟರ ನಕ್ಷೆಯನ್ನು ಮನೆಯ ವೈಫೈ ಮೂಲಕ ಇಳಿಸಿದ್ದೇನೆ. ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರದೇಶವನ್ನು ಗುರುತಿಸಿ ಇಳಿಸಿಕೊಳ್ಳುವ ಅನುಕೂಲವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್‌ಆ್ಯಂಡ್‌ನಂಥವು ಆಫ್‌ಲೈನ್ ಬಳಕೆಗೆಂದೇ ಹುಟ್ಟಿದವು. ಎರಡು ಬೇರೆ ಬೇರೆ ನಕ್ಷೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಖಾಸಗಿ ತೋಟದ ರಸ್ತೆಯನ್ನು ಸಾರ್ವಜನಿಕ ರಸ್ತೆಯೆಂದು ತಿಳಿದು ಅಡ್ಡದಾರಿ ಸೂಚಿಸುವ ತಪ್ಪನ್ನು ಎರಡೂ ಒಂದೇ ಜಾಗದಲ್ಲಿ ಮಾಡುವುದು ಅಪರೂಪ. ಹಾಗೆ ಒಮ್ಮೆ ಬಾಳೂರಿನ ಬಳಿ ಬೀಗ ಹಾಕಿದ ಗೇಟಿನ ಮುಂದೆ ನಿಂತು, ಎರಡು ಕಿಲೋಮೀಟರ್ ರಿವರ್ಸ್ ಬಂದವನು ನಾನು.

ಸಿಮ್ ಇಲ್ಲದ ಫೋನಿಗೆ ಒಂದು ತಾಳ್ಮೆ ಬೇಕು. ಪ್ರತಿ ಉಪಗ್ರಹದ ಕಕ್ಷೆಯ ವಿವರವನ್ನು ಸಿಮ್ ಇರುವ ಫೋನು ಇಂಟರ್ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಸಿಮ್ ಇಲ್ಲದ್ದು ಅದನ್ನು ಉಪಗ್ರಹದ ಬಾಯಿಂದಲೇ, ಸೆಕೆಂಡಿಗೆ 50 ಬಿಟ್‌ಗಳ ಆಮೆನಡಿಗೆಯಲ್ಲಿ, ಕೇಳಿಸಿಕೊಳ್ಳಬೇಕು. ಒಂದು ಸುತ್ತು ಹೇಳಿ ಮುಗಿಸಲು ಅರ್ಧ ನಿಮಿಷ. ನಡುವೆ ಮರ ಅಡ್ಡ ಬಂದು ತುಣುಕು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಆದ್ದರಿಂದ ಅದನ್ನು ಘಾಟಿಯ ತಲೆಯಲ್ಲಿ ಆನ್ ಮಾಡಬಾರದು, ಮನೆಯಂಗಳದಲ್ಲೇ ಆನ್ ಮಾಡಿ ಎರಡು ಮೂರು ನಿಮಿಷ ಆಕಾಶಕ್ಕೆ ಮುಖಮಾಡಿ ಇಡಬೇಕು.

ಹೋಲ್ಡರ್ ಮತ್ತು ಚಾರ್ಜರ್ ವಿಷಯದಲ್ಲಿ ಜನ ಜಿಪುಣತನ ಮಾಡುವುದು ಏಕೆಂದು ತಿಳಿಯದು. ಗಾಜಿನ ಕೆಳಗೆ ಬಿಸಿಲಿಗೆ ಒಡ್ಡಿಟ್ಟ ಫೋನು ಕಾದು ಪರದೆ ಮಂಕಾಗಿ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಬೇಸಿಗೆಯಲ್ಲಿ ವಾಸಿ, ಆದರೆ ಭಾರದ ಫೋನಾದರೆ ಕಿಂಡಿಯ ರೆಕ್ಕೆ ಮುರಿಯುತ್ತದೆ, ಹೊಂಡದ ರಸ್ತೆಯಲ್ಲಂತೂ ಖಂಡಿತ. ಮ್ಯಾಗ್ನೆಟ್ ಹೋಲ್ಡರ್ ಅಂದವಾದದ್ದೇ. ಆದರೆ ಅದು ಫೋನಿನ ದಿಕ್ಸೂಚಿಯನ್ನು ಕೆಡಿಸುವುದರಿಂದ ಕಾರು ನಿಂತಿರುವಾಗ ಬಾಣದ ಗುರುತು ಹಿಂದುಮುಂದಾಗಿ ನಿಲ್ಲುತ್ತದೆ. ಕಾರು ಓಡತೊಡಗಿದ ಮೇಲೆ ದಿಕ್ಕನ್ನು ಉಪಗ್ರಹದ ಲೆಕ್ಕದಿಂದಲೇ ತಿಳಿಯುವುದರಿಂದ ಸರಿಯಾಗುತ್ತದೆ. ಕಾಂತಶಕ್ತಿಯನ್ನು ಹುಡುಕುತ್ತಿದ್ದವರಿಗೆ ಸಿಗುವ ಕಾಂತಶಕ್ತಿ ಇದೊಂದೇ. ಚಾರ್ಜರ್ ಅರ್ಧ ಆಂಪಿಯರಿನದಾದರೆ ನಕ್ಷೆ ತೋರಿಸುವ ಪರದೆಯ ಹಸಿವಿಗೆ ಸಾಲದು, ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ; ಎರಡು ಆಂಪಿಯರಿಗೆ ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ಅಗ್ಗದ ಚಾರ್ಜರು, ಅಗ್ಗದ ಡ್ಯಾಶ್‌ಕ್ಯಾಮ್ ರೇಡಿಯೊ ಗಲಾಟೆ ಎಬ್ಬಿಸಿ ಆ ಕ್ಷೀಣ ಸಿಗ್ನಲ್‌ ಅನ್ನು ಮುಳುಗಿಸುವುದೂ ಉಂಟು. ನನ್ನ ಹಿಂದಿನ ಕಾರಿನಲ್ಲಿ ಚಾರ್ಜರ್ ಕಿತ್ತೊಡನೆ ಸಿಗ್ನಲ್ ಕಂಬಗಳು ಎದ್ದುನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಬಿಸಾಡಿದೆ. 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮಗಳು ದಾರಿ ನೋಡಲು ಮಾತ್ರ, ಚಾಲಕನ ಗಮನ ಕದಡದಂತೆ, ಫೋನು ಬಳಸಲು ಒಪ್ಪಿವೆ. ಕೈಯಲ್ಲಿ ಹಿಡಿದು ನೋಡುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು.

ಅಕ್ಕನ ಮಗ ಧರ್ಮಸ್ಥಳದಿಂದ ಹಿಂದಿರುಗುವಾಗ ಉಜಿರೆಯಲ್ಲಿ ಟವರ್ ಸಿಕ್ಕೊಡನೆ ಮೊದಲು ಮಾಡಿದ ಕೆಲಸವೆಂದರೆ ಘಾಟಿಯ ನಕ್ಷೆಯನ್ನು ಇಳಿಸಿಕೊಂಡದ್ದು. ಮೇಲೆ ಹತ್ತುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೊಟ್ಟಿಗೆಹಾರ ಬರುವವರೆಗೂ ನೀಲಿ ಚುಕ್ಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.