ಮಾಣಿಗೆ ವಯಸ್ಸಾದಾಗ

ಕಳೆದ ಮಳೆಗಾಲದಲ್ಲಿ ಅಂಧೇರಿಯ ನನ್ನ ಆಫೀಸಿಗೆ ಕಾರ್ಕಳ ಕಡೆಯ ಒಬ್ಬರು ಬಂದಿದ್ದರು. ವಯಸ್ಸು 58. ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಡಿಕೆಯಲ್ಲಿ ಹರಿದುಹೋಗಿದ್ದ ಎರಡು ಪಿ.ಎಫ್. (ಭವಿಷ್ಯ ನಿಧಿ) ಚೀಟಿ. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಕಪ್ಪು-ಬಸಿ ತೊಳೆದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ಮಾಣಿಯಾಗಿ, ಕೊನೆಗೆ ಗಲ್ಲೆಯಲ್ಲಿ ಕುಳಿತವರು. "ಪೆನ್ಶನ್ ಇಲ್ಲ ಅಂತ ಹೇಳಿದ್ರು ಸರ್. ಹತ್ತು ವರ್ಷ ಆಗ್ಲಿಲ್ಲ ಅಂತೆ. ನಾನು ನಲ್ವತ್ತು ವರ್ಷದ ಮೇಲೆ ದುಡಿದದ್ದುಂಟು" ಎಂದರು.

ಹೋಟೆಲುಗಳ ಪಿ.ಎಫ್., ಇ.ಎಸ್.ಐ. (ಕೆಲಸಗಾರರ ಆರೋಗ್ಯ ವಿಮೆ) ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಫೀಸು ಕೊಡುವವರು ಮಾಲೀಕರು. ಅವರಲ್ಲಿ ಹೆಚ್ಚಿನವರೂ ಒಂದು ಕಾಲದಲ್ಲಿ ಇದೇ ರೀತಿ ಟೇಬಲ್ ಒರೆಸಿ ಮೇಲೆ ಬಂದವರೇ. ಆದರೂ ಇದನ್ನು ಬರೆಯಲೇಬೇಕು. ನಮ್ಮೂರಿಂದ ಬಂದು ಈ ಶಹರಕ್ಕೆ ಇಡ್ಲಿ ದೋಸೆ ಬಡಿಸಿದ ಒಂದು ತಲೆಮಾರು ಈಗ ನಿವೃತ್ತಿಗೆ ಬಂದು ನಿಂತಿದೆ. ಸಂಬಳ ಕಡಿಮೆಯಿತ್ತು ಎನ್ನುವುದು ಎಲ್ಲರಿಗೂ ಗೊತ್ತು. ನಾನು ಫೈಲುಗಳಲ್ಲಿ ಕಾಣುವುದು ಬೇರೊಂದು ನಷ್ಟ: ದುಡಿದ ವರ್ಷಗಳು ಲೆಕ್ಕಕ್ಕೆ ಸಿಗದೆ ಚೂರುಚೂರಾಗಿ ಹೋಗಿರುವುದು.

ನೌಕರರ ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರ್ 16ಕ್ಕೆ. ಮಾಲೀಕರು ಕಟ್ಟುವ 12 ಶೇಕಡಾದಲ್ಲಿ 8.33 ಶೇಕಡಾ ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದದ್ದು ಕೆಲಸಗಾರನ ಪಾಲಿನ 12 ಶೇಕಡಾದ ಜೊತೆ ಭವಿಷ್ಯ ನಿಧಿಗೆ. ಪಿಂಚಣಿಯ ಲೆಕ್ಕ ಸುಲಭ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರಿನಿಂದ ಈ ಲೆಕ್ಕಕ್ಕೆ ಸಂಬಳದ ಮಿತಿ 15,000 ರೂಪಾಯಿ, ಅದಕ್ಕೆ ಮೊದಲಿನ ಸೇವೆಗೆ 6,500. ಸೇವೆ 20 ವರ್ಷ ದಾಟಿದ್ದರೆ ಎರಡು ವರ್ಷ ಹೆಚ್ಚಿಗೆ ಸೇರಿಸುತ್ತಾರೆ. ಆದರೆ ತಿಂಗಳ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕೇ ಬೇಕು.

ಅವರ 44 ವರ್ಷದ ದುಡಿಮೆಯನ್ನು ಒಂದು ಕಾಗದದ ಮೇಲೆ ಬರೆದುಕೊಂಡೆವು. ಮೊದಲ ಹದಿನೈದು ವರ್ಷ ಏನೂ ಇಲ್ಲ. 1996ರಿಂದ ಫೋರ್ಟಿನ ಒಂದು ಹೋಟೆಲಿನಲ್ಲಿ ಐದು ವರ್ಷ ಪಿ.ಎಫ್. ಕಟ್ಟಿದ್ದಾರೆ, ತಂಗಿಯ ಮದುವೆಗೆಂದು ಪಿ.ಎಫ್. ಜೊತೆ ಪಿಂಚಣಿಯ ದುಡ್ಡನ್ನೂ ತೆಗೆದುಬಿಟ್ಟರು. ಆ ಐದು ವರ್ಷ ಅಲ್ಲಿಗೆ ಅಳಿಸಿಹೋಯಿತು. ಆಮೇಲಿನ ಹೋಟೆಲಿನಲ್ಲಿ ರಿಜಿಸ್ಟರಿನಲ್ಲಿ ಯಾವಾಗಲೂ 18 ಜನ. ಇಪ್ಪತ್ತು ಆದರೆ ಪಿ.ಎಫ್. ಕಾಯ್ದೆ ಬರುತ್ತದೆ ಎಂದು ಆ ಸಂಖ್ಯೆಯನ್ನು ಅಲ್ಲಿಗೇ ನಿಲ್ಲಿಸಿದ್ದರು. 2009ರಿಂದ ಮತ್ತೊಂದು ಕಡೆ ಮೂರು ವರ್ಷ ಕಟ್ಟಿದ್ದಾರೆ, ಅದು ಹಳೆಯ ನಂಬರಿನಲ್ಲಿ ಹಾಗೇ ಬಿದ್ದಿದೆ. ಮತ್ತೆ ನಾಲ್ಕು ವರ್ಷ ಖಾಲಿ. ಕೊನೆಯದಾಗಿ ಅಂಧೇರಿಯಲ್ಲಿ 2016ರಿಂದ, ಅಲ್ಲಿಯೂ ನಡುನಡುವೆ ತಿಂಗಳುಗಳು ಬಿಟ್ಟುಹೋಗಿ ಒಟ್ಟು ಎಂಟು ವರ್ಷ ನಾಲ್ಕು ತಿಂಗಳು. ಪಿ.ಎಫ್. ಆಫೀಸಿನವರ ಕಣ್ಣಿಗೆ ಬಿದ್ದದ್ದು ಈ ಕೊನೆಯ ತುಂಡು ಮಾತ್ರ.

ಯಾಕೆ ಹೀಗಾಗುತ್ತದೆ? ಮುಂಬಯಿಯ ಹೋಟೆಲು ವ್ಯವಹಾರ ಗೊತ್ತಿದ್ದವರಿಗೆ 'ಕಂಡಕ್ಟಿಂಗ್' ಗೊತ್ತಿರುತ್ತದೆ. ಜಾಗ, ಲೈಸೆನ್ಸ್ ಒಬ್ಬರದ್ದು. ಮೂರು ವರ್ಷವೋ ಐದು ವರ್ಷವೋ ನಡೆಸುವವರು ಇನ್ನೊಬ್ಬರು. ಅವಧಿ ಮುಗಿದರೆ ಬೇರೆಯವರು. ಬೋರ್ಡು ಅದೇ, ಒಲೆ ಅದೇ, ಮಾಣಿಯೂ ಅದೇ, ಪಿ.ಎಫ್. ಕೋಡ್ (ನಡೆಸುವವರ ನೋಂದಣಿ ಸಂಖ್ಯೆ) ಮಾತ್ರ ಬದಲಾಗುತ್ತದೆ. ಹೊಸಬರು "ನನ್ನ ಹತ್ತಿರ ಇವನು ಎರಡೇ ವರ್ಷ" ಎನ್ನುತ್ತಾರೆ, ಹಳಬರು "ನಾನು ಬಿಟ್ಟಾಯಿತು" ಎನ್ನುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಸಂಸ್ಥೆ ಕೈ ಬದಲಾದಾಗ ಹಳೆಯ ಪಿ.ಎಫ್. ಬಾಕಿಗೆ ಕೊಟ್ಟವರೂ ತೆಗೆದುಕೊಂಡವರೂ ಒಟ್ಟಾಗಿ ಹೊಣೆ ಎಂದು 1952ರ ಪಿ.ಎಫ್. ಕಾಯ್ದೆಯ 17ಬಿ ಕಲಂ ಹೇಳಿತ್ತು. ಗ್ರಾಚ್ಯುಟಿಗೂ, ಅಂದರೆ ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟಿಗೂ, ಹಾಗೆಯೇ, ಹೋಟೆಲು ನಡೆಯುತ್ತಾ ಕೆಲಸಗಾರ ಅಲ್ಲೇ ಮುಂದುವರಿದಿದ್ದರೆ ಯಜಮಾನ ಬದಲಾದ ಮಾತ್ರಕ್ಕೆ ಸೇವೆ ಮುರಿಯುವುದಿಲ್ಲ. ಕೊನೆಯ ಸಂಬಳ 14,000, ಸೇವೆ 22 ವರ್ಷ ಎಂದಾದರೆ, 26 ದಿನದ ತಿಂಗಳಿಗೆ 15 ದಿನದ ಲೆಕ್ಕದಲ್ಲಿ 1,77,692 ರೂಪಾಯಿ ಗ್ರಾಚ್ಯುಟಿ ಬರಬೇಕು. ಅಂಥವರ ಕೈಗೆ ಹಬ್ಬದ ಬಕ್ಷೀಸಿನಂತೆ ಹತ್ತು ಸಾವಿರ ಕೊಟ್ಟು, ರೈಲಿಗೆ ಟಿಕೆಟ್ ತೆಗೆದು ಊರಿಗೆ ಕಳಿಸಿದ್ದನ್ನು ನಾನು ನೋಡಿದ್ದೇನೆ. ಇದು ಅನ್ಯಾಯ ಎಂದು ನನ್ನ ಕಕ್ಷಿದಾರರ ಎದುರಿನಲ್ಲೇ ಹೇಳಿದ್ದೇನೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮ್‌ಗಾರ್ ಭವನದಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಇದಕ್ಕೆ ಅರ್ಜಿ ಹಾಕಬಹುದು.

ಹೆಸರಿನದ್ದು ಇನ್ನೊಂದು ಕಷ್ಟ, ಇದು ನಮ್ಮವರಿಗೇ ವಿಶೇಷ. ಮಹಾರಾಷ್ಟ್ರದಲ್ಲಿ ಹೆಸರಿನ ನಡುವೆ ತಂದೆಯ ಹೆಸರು ಬರಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ತುಳುನಾಡಿನಲ್ಲಿ ಆ ರೂಢಿಯೇ ಇಲ್ಲ. ಹೋಟೆಲಿನ ಗುಮಾಸ್ತರು ಕೇಳಿದಾಗ ಹುಡುಗ ತಂದೆಯ ಹೆಸರು ಹೇಳಿದ, ಅವರು ನಡುವೆ ಸೇರಿಸಿ ಬರೆದರು. ಆಧಾರ್ ಮಾಡಿಸಿದ್ದು ಊರಿನಲ್ಲಿ, ಅದರಲ್ಲಿ ಬರೀ ಹೆಸರು ಮತ್ತು ಪೂಜಾರಿ. ಹುಟ್ಟಿದ ದಿನ ಶಾಲೆಯ ಮೇಷ್ಟ್ರು ಹಾಕಿದ ಜೂನ್ 1, ಪಿ.ಎಫ್.ನಲ್ಲಿ ಇನ್ನೇನೋ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಪಿ.ಎಫ್. ಸದಸ್ಯ ಸಂಖ್ಯೆ (ಯು.ಎ.ಎನ್.) ಇರಬೇಕಾದಲ್ಲಿ ಇವರಿಗೆ ಎರಡಿದ್ದವು.

ಕಾಗದ ಸರಿಪಡಿಸುವುದಕ್ಕೆ ಏಳು ತಿಂಗಳು ಹಿಡಿಯಿತು. 2009ರ ಹೋಟೆಲು ಮುಚ್ಚಿ ಅಲ್ಲೀಗ ಮೊಬೈಲ್ ಅಂಗಡಿ ಬಂದಿದೆ, ಸಹಿ ಹಾಕಬೇಕಾದ ಮಾಲೀಕರೇ ಇಲ್ಲ. ಸಂಸ್ಥೆ ಮುಚ್ಚಿದ್ದರೆ ತಿದ್ದುಪಡಿಯ ಅರ್ಜಿಗೆ ಗೆಜೆಟೆಡ್ ಅಧಿಕಾರಿಯೋ ಬ್ಯಾಂಕ್ ಮ್ಯಾನೇಜರರೋ ಸಹಿ ಹಾಕಬಹುದು, ಇದು ಬಹಳ ಜನರಿಗೆ ತಿಳಿದಿಲ್ಲ. ಊರಿನ ಬ್ಯಾಂಕಿನವರು ಹಾಕಿಕೊಟ್ಟರು. ಮೂರು ವರ್ಷ ಸೇರಿ ಒಟ್ಟು 11 ವರ್ಷವಾಯಿತು. ಸರಾಸರಿ ಸಂಬಳ 13,000. ಪಿಂಚಣಿ ತಿಂಗಳಿಗೆ ಸುಮಾರು 1,800 ರೂಪಾಯಿ. ಅಂದು ತೆಗೆದ ಐದು ವರ್ಷ ಇದ್ದಿದ್ದರೆ ಸುಮಾರು 2,250. 1995ರಿಂದ ಮೂವತ್ತು ವರ್ಷವೂ ಯಾರಾದರೂ ಕಟ್ಟಿದ್ದರೆ ಸುಮಾರು 4,100. ಈ ಮೂರು ಅಂಕಿಯನ್ನು ಒಂದರ ಕೆಳಗೊಂದು ಬರೆದು ತೋರಿಸಿದಾಗ ಅವರು ಮಾತಾಡಲಿಲ್ಲ, ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಈಗ ಕೆಲಸದಲ್ಲಿರುವವರಿಗೆ ಹೇಳುತ್ತೇನೆ. ಕೆಲಸ ಬಿಟ್ಟಾಗ ಪಿ.ಎಫ್. ತೆಗೆಯಲೇಬೇಕಾದ ಕಷ್ಟ ಬರಬಹುದು, ಆದರೆ ಪಿಂಚಣಿಯ ಪಾಲನ್ನು ಮುಟ್ಟಬೇಡಿ. ಅದಕ್ಕೆ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ವರ್ಷಗಳು ಉಳಿಯುತ್ತವೆ. "ಪಿ.ಎಫ್. ಕಟ್ ಮಾಡಬೇಡಿ, ಪೂರ್ತಿ ಕೈಗೆ ಕೊಡಿ" ಎಂದು ಮಾಲೀಕರನ್ನು ಕೇಳುವ ಹುಡುಗರೂ ಇದ್ದಾರೆ. ಊರಿಗೆ ದುಡ್ಡು ಕಳಿಸುವ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಕೈಬಿಡುವುದು ತನ್ನ 12 ಶೇಕಡಾ ಮಾತ್ರವಲ್ಲ, ಮಾಲೀಕರ 12ನ್ನೂ. ಮದುವೆಗೆ ಮುಂಚೆ ತಾಯಿಯ ಹೆಸರಿಗೋ ಅಣ್ಣನ ಹೆಸರಿಗೋ ಮಾಡಿದ ನಾಮಿನೇಶನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಮಾಡಬೇಕು. ಕೆಲಸದಲ್ಲಿರುವಾಗ ತೀರಿಹೋದರೆ, ಒಂದೇ ತಿಂಗಳ ಪಿಂಚಣಿ ಕಂತು ಕಟ್ಟಿದ್ದರೂ ಹೆಂಡತಿಗೆ ಪಿಂಚಣಿ ಉಂಟು. ಪಿ.ಎಫ್. ಜೊತೆಗೇ ಇರುವ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ. ಊರಿನಲ್ಲಿರುವ ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಆಗುವುದಿಲ್ಲ.

ಇ.ಎಸ್.ಐ. ಬಗ್ಗೆ ಒಂದೇ ಮಾತು. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಜೀವನವಿಡೀ ನಿಂತು ಕಾಲಿನ ನರ ಉಬ್ಬಿದವರಿಗೆ, ಒಲೆಯ ಮುಂದೆ ಬೆಂದವರಿಗೆ ಇದು ದೊಡ್ಡ ಆಸರೆ. ನನ್ನಲ್ಲಿಗೆ ಬಂದ ನೂರಾರು ಜನರಲ್ಲಿ ಇದನ್ನು ತಿಳಿದು ಬಂದವರು ಇಬ್ಬರೋ ಮೂವರೋ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬಾಡಿಗೆ, ಗ್ಯಾಸು, ಮನೆಗೆ ತಲುಪಿಸುವ ಆ್ಯಪ್‌ಗಳ ಕಮಿಷನ್, ಎಲ್ಲ ಕೊಟ್ಟ ಮೇಲೆ ಉಳಿಯುವುದು ಸ್ವಲ್ಪವೇ. ಆದರೆ ಊಟ, ಮಲಗಲು ಮಾಳಿಗೆ ಕೊಟ್ಟಿದ್ದೇವಲ್ಲ ಎನ್ನುವ ಸಮಾಧಾನ 2020ರ ಮಾರ್ಚಿನಲ್ಲಿ ಮುರಿದುಬಿತ್ತು. ಲಾಕ್‌ಡೌನಿನಲ್ಲಿ ಹೋಟೆಲಿನ ಶಟರ್ ಇಳಿದ ದಿನ ಎಷ್ಟೋ ಜನರಿಗೆ ಕೆಲಸ, ಊಟ, ಸೂರು ಒಟ್ಟಿಗೇ ಹೋಯಿತು. ಮೂವತ್ತು ವರ್ಷ ಇದ್ದ ಊರಿನಲ್ಲಿ ಅವರ ಹೆಸರಿಗೆ ರೇಶನ್ ಕಾರ್ಡೂ ಇರಲಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ನಮ್ಮ ಹೋಟೆಲುಗಳಲ್ಲಿ ಈಗ ಟೇಬಲ್ ಒರೆಸುವ ಹುಡುಗರು ಹೆಚ್ಚಾಗಿ ಒಡಿಶಾದವರು, ಝಾರ್ಖಂಡದವರು. ಕಳೆದ ತಿಂಗಳು ಒಬ್ಬ ಮಾಲೀಕರು ಅವರಲ್ಲಿ ಹನ್ನೊಂದು ಜನಕ್ಕೆ ಹಿಂದಿಯಲ್ಲಿ ಪತ್ರ ಮಾಡಿಸಿಕೊಟ್ಟರು. ಹೆಸರು ಬರೆಯುವಾಗ ನಾನು ಪ್ರತಿಯೊಬ್ಬನ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿದೆ.